ಹೊರಳಬೇಕು, ತಿರುಚಬಾರದು

ಯಾವುದೇ ನಿರ್ಮಾಣದಲ್ಲಿ ಕಣ್ಣಿಗೆ ಬೀಳುವುದು ನಿರ್ಮಿತವಾದ ವಸ್ತು ಮಾತ್ರ. ಅದನ್ನು ನಿರ್ಮಿಸುವಾಗ ಹೊತ್ತು ನಿಂತ ಆಸರೆ ಯಾರ ನೆನಪಿಗೂ ಬಾರದು. ಕಲ್ಲಿನ ಕಮಾನು ಕಟ್ಟುವವನು ಮೊದಲು ಮರದ ಅಚ್ಚನ್ನು ನಿಲ್ಲಿಸುತ್ತಾನೆ. ಕಮಾನು ತನ್ನ ಕಾಲ ಮೇಲೆ ತಾನು ನಿಂತೊಡನೆ ಅಚ್ಚು ಸೌದೆಯ ಪಾಲಾಗುತ್ತದೆ. ಆದರೆ ಅಚ್ಚು ವಕ್ರವಾಗಿದ್ದರೆ ಕಮಾನೂ ವಕ್ರವಾಗಿಯೇ ನಿಲ್ಲುವುದೆಂಬುದು ಅನುಭವಸಿದ್ಧ. ನಾವು ಇಂದು ವಾಚಕರ ಮುಂದಿಡಬಯಸುವುದು ಅಂಥದೇ ಒಂದು ಆಸರೆಯ ವಿಚಾರವನ್ನು. ಅದು ಮನೆಯಲ್ಲಿ ಕಟ್ಟುವ ಪುಟ್ಟ ವಿಮಾನದ ರೆಕ್ಕೆಯನ್ನು ಹೊತ್ತು, ಬೇಕಾದಂತೆ ಹೊರಳಿಸಿಕೊಡುವ ಸ್ಟ್ಯಾಂಡು.

ಮನೆಯಲ್ಲಿ ವಿಮಾನ ಕಟ್ಟುವುದೇ ಎಂದು ವಾಚಕರು ಅಚ್ಚರಿಪಡಬಹುದು. ಅಮೆರಿಕ ದೇಶದಲ್ಲಿ ಇದು ಹಳೆಯ ರೂಢಿ. ೧೯೨೯ರ ಸುಮಾರಿಗೇ ಮಿನ್ನೆಸೋಟ ರಾಜ್ಯದ ಬರ್ನಾರ್ಡ್ ಪೀಟನ್‌ಪೋಲ್ ಎಂಬುವರು ಮರ ಮತ್ತು ಬಟ್ಟೆಗಳಿಂದ ರಚಿಸಿದ ವಿಮಾನಕ್ಕೆ ಫೋರ್ಡ್ ಕಾರಿನ ಎಂಜಿನ್ನನ್ನು ಅಳವಡಿಸಿ ಹಾರಿಸಿದ್ದರು. ೧೯೫೩ರಲ್ಲಿ ಪಾಲ್ ಪೊಬೆರೆಜ್ನಿಯವರು ಮಿಲ್ವಾಕಿ ನಗರದಲ್ಲಿ ಇಂಥ ಹವ್ಯಾಸಿಗಳ ಸಂಘವೊಂದನ್ನು ಸ್ಥಾಪಿಸಿದರು. ಆ ಸಂಘವು ೧೯೭೦ರಿಂದ ಆಶ್‌ಕಾಶ್ ಎಂಬ ಊರಿನಲ್ಲಿ ಬೇಸಿಗೆಯ ವಿಮಾನ ಮೇಳವನ್ನು ನಡೆಸುತ್ತ ಬಂದಿದೆ. ಅಲ್ಲಿಯ ಕಾನೂನು ಹವ್ಯಾಸಿಗೆ ವಿಧಿಸುವ ಮುಖ್ಯ ನಿಬಂಧನೆಯೆಂದರೆ, ವಿಮಾನದ ಬಹುಭಾಗವನ್ನು ಅವನು ತನ್ನ ಕಲಿಕೆಗಾಗಿ ಅಥವಾ ವಿನೋದಕ್ಕಾಗಿ ತಾನೇ ಕಟ್ಟಿರಬೇಕು. ಜನರ ಮಾತಿನಲ್ಲಿ ಇದು ಶೇಕಡಾ ೫೧ರ ನಿಯಮ. ಹೀಗೆ ಶಿಕ್ಷಕರು, ವೈದ್ಯರು, ಕುಶಲಕರ್ಮಿಗಳು ಕಾರು ನಿಲ್ಲಿಸುವ ಕೊಠಡಿಯಲ್ಲಿ ಬಿಡುವಿನ ವೇಳೆಯನ್ನು ಕೂಡಿಸಿ ಕೂಡಿಸಿ, ವರ್ಷಗಟ್ಟಲೆ ಶ್ರಮಿಸಿ, ಒಂದು ವಿಮಾನವನ್ನು ಪೂರೈಸುತ್ತಾರೆ.

ಇಂಥ ಕೊಠಡಿಯಲ್ಲಿ ಅತಿ ಹೆಚ್ಚು ತೊಡಕು ಕೊಡುವ ಅಂಗವೇ ರೆಕ್ಕೆ. ಒಂದೊಂದು ರೆಕ್ಕೆಯೂ ಹತ್ತು ಹನ್ನೆರಡು ಅಡಿ ಉದ್ದ, ನಾಲ್ಕೈದು ಅಡಿ ಅಗಲವಿರುವುದು ಸಾಮಾನ್ಯ. ಉದ್ದಕ್ಕೂ ಸ್ಪಾರ್ ಎಂಬ ಗಟ್ಟಿ ತೊಲೆ, ಅದಕ್ಕೆ ಅಡ್ಡಲಾಗಿ ಸಾಲುಸಾಲು ಪಕ್ಕೆಲುಬುಗಳು, ಅವುಗಳ ಮೇಲೆ ಹೊದಿಕೆ. ಇದು ಅದರ ಸ್ಥೂಲ ರಚನೆ. ಅಲ್ಯೂಮಿನಿಯಮ್ ಹೊದಿಕೆಯಾದರೆ ಅದರ ದಪ್ಪ ಹಲವು ವಿಮಾನಗಳಲ್ಲಿ ಅರ್ಧ ಮಿಲಿಮೀಟರಿನಿಂದ ಮುಕ್ಕಾಲು ಮಿಲಿಮೀಟರು ಮಾತ್ರ. ಮೊಣಕಾಲೂರಿದರೆ ತಗ್ಗು ಬೀಳುತ್ತದೆ. ರೆಕ್ಕೆಗೆ ಮೇಲ್ಮೈಯೂ ಉಂಟು, ಕೆಳಮೈಯೂ ಉಂಟು. ಎರಡೂ ಕಡೆ ಕೆಲಸ ನಡೆಯಲೇಬೇಕು. ಹೀಗಾಗಿ ಅದನ್ನು ಎಷ್ಟೋ ಸಲ ಮಗುಚಬೇಕಾಗುತ್ತದೆ, ಮಗುಚಿದಾಗಲೆಲ್ಲ ಅಪಾಯ ಕಾದಿರುತ್ತದೆ.

ಹಾಸಿಗೆ ಹಿಡಿದ ಹಿರಿಯರ ಸೇವೆ ಮಾಡಿದ ಮನೆಯವರಿಗೆ ಈ ಕಷ್ಟ ಸುಲಭವಾಗಿ ಅರ್ಥವಾದೀತು. ಅವರನ್ನು ಮಗ್ಗುಲು ಬದಲಿಸುವಾಗ ಒಬ್ಬರು ಭುಜಕ್ಕೆ, ಮತ್ತೊಬ್ಬರು ಸೊಂಟಕ್ಕೆ ಕೈಕೊಟ್ಟು ಏಕಕಾಲಕ್ಕೆ ಹೊರಳಿಸುತ್ತಾರೆ. ಭುಜ ಮುಂದೆ ಹೋಗಿ ಸೊಂಟ ಹಿಂದುಳಿದರೆ ಬೆನ್ನು ತಿರುಚಿಕೊಂಡು ನೋವಾಗುತ್ತದೆ. ರೆಕ್ಕೆಯ ಮಾತೂ ಅಷ್ಟೇ. ಬುಡವೂ ತುದಿಯೂ ಒಟ್ಟಿಗೆ ಹೊರಳಬೇಕು. ಈ ಎರಡು ಕೈಗಳ ಕೆಲಸವನ್ನು ಒಬ್ಬನೇ ಮಾಡುವಂತೆ ಅನುಕೂಲ ಕಲ್ಪಿಸುವುದೇ ತಿರುಗುವ ಸ್ಟ್ಯಾಂಡಿನ ಉದ್ದೇಶ.

ಅದರ ರಚನೆ ಸರಳ. ಅಗಲವಾದ ಪಾದಗಳುಳ್ಳ ಎರಡು ಕಂಬಗಳು, ರೆಕ್ಕೆಯ ಬುಡಕ್ಕೊಂದು, ತುದಿಗೊಂದು. ಕಂಬದ ತಲೆಯಲ್ಲಿ ಒಂದು ಕೊಳವೆ, ಅದರೊಳಗೆ ಸಡಿಲವಾಗಿ ತಿರುಗುವ ಇನ್ನೊಂದು ಕೊಳವೆ. ಒಳಗೊಳವೆಗೆ ಬಿಗಿದ ಹಲಗೆಗೆ ರೆಕ್ಕೆಯನ್ನು ಕೂಡಿಸುತ್ತಾರೆ. ತುದಿಯಲ್ಲಿ ಕಡೆಯ ಪಕ್ಕೆಲುಬಿನಲ್ಲಿ ಈಗಾಗಲೇ ಇರುವ ರಂಧ್ರಗಳಿಗೆ ತಿರುಪು ಹಾಕಿದರೆ ಸಾಕು. ಬುಡದಲ್ಲಿ ಹೆಚ್ಚಿನ ಎಚ್ಚರ ಬೇಕು. ಮುಂದೆ ವಿಮಾನದ ಒಡಲಿಗೆ ರೆಕ್ಕೆಯನ್ನು ಸೇರಿಸುವ ಸ್ಪಾರಿನ ರಂಧ್ರಗಳು ಬಹು ನಿಖರವಾದವು. ಅಳತೆಗೊಪ್ಪದ ಬೋಲ್ಟು ಅವುಗಳಲ್ಲಿ ಅಲುಗಾಡಿದರೆ ಅವು ಅಗಲಗೊಂಡು ಕೆಡುತ್ತವೆ. ಸ್ಟ್ಯಾಂಡಿನ ಅನುಕೂಲಕ್ಕೆಂದು ಸ್ಪಾರಿನಲ್ಲಿ ಹೊಸ ರಂಧ್ರ ಕೊರೆಯುವುದಂತೂ ಸರ್ವಥಾ ನಿಷಿದ್ಧ. ಹಾರಾಟದ ಭಾರವೆಲ್ಲ ಬೀಳುವ ತೊಲೆಯಲ್ಲಿ ಬಿರುಕು ಹುಟ್ಟುವುದು ಇಂಥ ರಂಧ್ರದಂಚಿನಿಂದಲೇ. ಮೆತ್ತನೆಯ ಪದರವಿಟ್ಟು ಮರದ ಹಿಡಿಕೆಗಳಿಂದ ಸ್ಪಾರನ್ನು ಅಪ್ಪಿ ಹಿಡಿಯುವುದು ಕ್ಷೇಮಕರ.

ತಿರುಗುವ ಅಕ್ಷವು ಎಲ್ಲಿ ಹಾದುಹೋಗಬೇಕೆಂಬುದು ಮುಂದಿನ ಪ್ರಶ್ನೆ. ಅದು ರೆಕ್ಕೆಯ ಗುರುತ್ವಕೇಂದ್ರದ ಮೂಲಕ, ಇಲ್ಲವೆ ಅದಕ್ಕೆ ಅತಿ ಸಮೀಪದಲ್ಲಿ, ಹಾಯಬೇಕು. ತಕ್ಕಡಿಯ ದಂಡದಂತೆ ರೆಕ್ಕೆಯನ್ನು ಒಂದು ದುಂಡು ಕೊಳವೆಯ ಮೇಲಿಟ್ಟು, ಹಿಂದುಮುಂದು ಸರಿಸಿ, ಸಮತೂಕ ನಿಂತ ಜಾಗವನ್ನು ಗುರುತಿಸಿಕೊಳ್ಳಬಹುದು. ಈ ಸಮತೂಕವಿದ್ದಾಗ ಒಂದು ಕೈ ಸೋಕಿದರೆ ಸಾಕು, ರೆಕ್ಕೆ ತೊಟ್ಟಿಲಿನಂತೆ ಹೊರಳುತ್ತದೆ. ತಪ್ಪಿದ್ದರೆ ಭಾರದ ಕಡೆ ರಭಸದಿಂದ ಕುಸಿದು ನೆಲಕ್ಕೋ ಮನುಷ್ಯನಿಗೋ ಬಡಿದೀತು. ಇಂಧನದ ತೊಟ್ಟಿ, ಹಿಂದಂಚಿನ ಚಲಿಸುವ ಫಲಕಗಳು ಸೇರಿದಂತೆಲ್ಲ ಗುರುತ್ವಕೇಂದ್ರವೂ ಸರಿಯುವುದರಿಂದ ಇದನ್ನು ಆಗಾಗ ಪರೀಕ್ಷಿಸುತ್ತಿರಬೇಕು, ಬೇಕಾದರೆ ಮರಳಿನ ಚೀಲ ಕಟ್ಟಿ ತೂಗಿಸಬೇಕು.

ಕಂಬದ ಎತ್ತರಕ್ಕೂ ಲೆಕ್ಕವುಂಟು. ರೆಕ್ಕೆಯ ಅಗಲ ೬೦ ಅಂಗುಲ, ಅಕ್ಷ ಮುಂದಂಚಿನಿಂದ ೨೪ ಅಂಗುಲದಲ್ಲಿದೆ ಎಂದುಕೊಳ್ಳೋಣ. ಆಗ ಹಿಂದಂಚು ಅಕ್ಷದಿಂದ ೩೬ ಅಂಗುಲ ದೂರವಿರುತ್ತದೆ. ಅಕ್ಷವನ್ನು ೩೬ ಅಂಗುಲ ಎತ್ತರದಲ್ಲಿಟ್ಟರೆ ರೆಕ್ಕೆ ನೆಟ್ಟಗೆ ನಿಂತಾಗ ಹಿಂದಂಚು ನೆಲಕ್ಕೆ ತಾಗುತ್ತದೆ. ಆದಕಾರಣ ೪೨ ಅಂಗುಲವಾದರೂ ಇರಲಿ.

ಇಷ್ಟು ಸಿದ್ಧವಾದರೆ ದೊರೆಯುವ ಪ್ರಯೋಜನ ಅಷ್ಟಿಷ್ಟಲ್ಲ. ಬಣ್ಣ ಬಳಿಯುವಾಗ ಮೈಯನ್ನು ಸಮತಲದಲ್ಲಿಟ್ಟರೆ ಬಣ್ಣ ಸೋರಿ ಗೆರೆಗಟ್ಟುವುದಿಲ್ಲ. ಗಾಜಿನ ನಾರಿನ ಬಟ್ಟೆಗೆ ಎಪಾಕ್ಸಿ ಎಂಬ ರಾಳವನ್ನು ಊಡಿಸುವಾಗಲೂ ಇದೇ ಮಾತು. ಇಳಿಜಾರಾದರೆ ರಾಳ ಒಂದೆಡೆ ಮಡುಗಟ್ಟಿ ಇನ್ನೊಂದೆಡೆ ಒಣಗಿ ನಿಲ್ಲುತ್ತದೆ. ಬಟ್ಟೆಯ ಹೊದಿಕೆಯ ರೆಕ್ಕೆಯಲ್ಲಿ ಪ್ರತಿಯೊಂದು ಪಕ್ಕೆಲುಬಿಗೂ ಬಟ್ಟೆಯನ್ನು ಹೊಲಿಯುವುದುಂಟು. ಉದ್ದನೆಯ ಸೂಜಿ ಈ ಮೈಯಿಂದ ಹೊಕ್ಕು ಆ ಮೈಗೆ ಹೊರಡಬೇಕು. ರೆಕ್ಕೆಯನ್ನು ನೆಟ್ಟಗೆ ನಿಲ್ಲಿಸಿದರೆ ಗಂಡ ಒಂದು ಕಡೆ, ಹೆಂಡತಿ ಮತ್ತೊಂದು ಕಡೆ ಕುಳಿತು ಸೂಜಿಯನ್ನು ಕೈಯಿಂದ ಕೈಗೆ ದಾಟಿಸಿಕೊಳ್ಳಬಹುದು.

ಇಲ್ಲಿಯವರೆಗೆ ಹೇಳಿದ್ದು ಹೊರಳುವ ಗುಣ. ಇನ್ನು ತಿರುಚುವ ದೋಷವನ್ನು ವಿಚಾರಿಸೋಣ. ಈ ಲೇಖನದ ತಿರುಳಿರುವುದು ಇಲ್ಲಿಯೇ. ಹೊದಿಕೆ ಪೂರ್ಣವಾಗದ ರೆಕ್ಕೆಗೆ ತಿರುಚನ್ನು ತಡೆಯುವ ಶಕ್ತಿ ತೀರ ಕಡಮೆ. ಮುಚ್ಚಳವಿಲ್ಲದ ರಟ್ಟಿನ ಪೆಟ್ಟಿಗೆಯನ್ನು ಎರಡು ತುದಿ ಹಿಡಿದು ತಿರುಚಿ ನೋಡಿದರೆ ಇದು ಮನವರಿಕೆಯಾಗುತ್ತದೆ. ಮುಚ್ಚಳ ಅಂಟಿಸಿದ ಮೇಲೆ ಅದೇ ಪೆಟ್ಟಿಗೆ ಜಗ್ಗದು. ರೆಕ್ಕೆ ಸ್ವಲ್ಪ ತಿರುಚಿಕೊಂಡಿರುವಾಗಲೇ ಕೊನೆಯ ಹೊದಿಕೆಗೆ ರಿವೆಟ್ ಬಡಿದರೆ ಆ ತಿರುಚು ಶಾಶ್ವತವಾಗಿ ಒಳಗೇ ಉಳಿಯುತ್ತದೆ. ಆಮೇಲೆ ಒಂದು ರೆಕ್ಕೆ ಹೆಚ್ಚು ಎತ್ತುವ ಬಲ ಪಡೆದು, ಇನ್ನೊಂದು ಕಡಮೆ ಪಡೆದು, ವಿಮಾನ ಸದಾ ಒಂದು ಪಕ್ಕಕ್ಕೆ ವಾಲುತ್ತದೆ. ವೇಗ ಕುಂದಿದಾಗ ಒಂದು ರೆಕ್ಕೆ ಮೊದಲೇ ಬಲಗುಂದಿ ಕುಸಿಯುವ ಭಯವೂ ಉಂಟು.

ಆದುದರಿಂದ ಅನುಭವಿಗಳು ಕೆಲವು ಕಟ್ಟುಪಾಡುಗಳನ್ನು ಪಾಲಿಸುತ್ತಾರೆ. ರೆಕ್ಕೆಯನ್ನು ಬೇಕಾದ ಕೋನದಲ್ಲಿ ನಿಲ್ಲಿಸಲು ಎರಡು ತುದಿಗಳಲ್ಲಿಯೂ ರಂಧ್ರಗಳುಳ್ಳ ಬಿಲ್ಲೆಗಳಿರುತ್ತವೆ, ಅವುಗಳಿಗೆ ಕೀಲು ತೂರಿಸಿ ಬಂಧಿಸುತ್ತಾರೆ. ಈ ಎರಡು ಬಿಲ್ಲೆಗಳನ್ನು ಒಂದರ ಮೇಲೊಂದಿಟ್ಟು ಏಕಕಾಲಕ್ಕೆ ಕೊರೆದರೆ ಮಾತ್ರ ರಂಧ್ರಗಳು ಒಂದಕ್ಕೊಂದು ಹೊಂದುತ್ತವೆ. ನೆಲ ಏರುಪೇರಾಗಿದ್ದು ಒಂದು ಕಂಬ ವಾಲಿದರೂ ತಿರುಚು ಬರುವುದರಿಂದ ಕಂಬಗಳನ್ನು ತೂಗುಗುಂಡಿನಿಂದ ಪರೀಕ್ಷಿಸುತ್ತಾರೆ. ಬಟ್ಟೆಯ ಹೊದಿಕೆಯನ್ನು ಇಸ್ತ್ರಿಪೆಟ್ಟಿಗೆಯ ಕಾವಿನಿಂದ, ಸುಮಾರು ೧೨೦ ಡಿಗ್ರಿ ಸೆಲ್ಸಿಯಸ್‌ನಿಂದ ೧೭೫ ಡಿಗ್ರಿಯವರೆಗೆ ಹಂತಹಂತವಾಗಿ, ಬಿಗಿಗೊಳಿಸುವಾಗ ಮೇಲು ಕೆಳಗಿನ ಮೈಗಳನ್ನು ಸರಿಸಮವಾಗಿ ಹೊರಳಿಸುತ್ತ ಹೋಗುತ್ತಾರೆ; ಒಂದೇ ಕಡೆ ಬಿಗಿದರೆ ಒಳಗಿನ ಮರದ ಚೌಕಟ್ಟೇ ಸೊಟ್ಟಗಾದೀತು. ಎಲ್ಲಕ್ಕಿಂತ ಮುಖ್ಯವಾಗಿ, ಆಕಾರವನ್ನು ನಿಶ್ಚಯಿಸುವ ಕೆಲಸವನ್ನು ಸ್ಟ್ಯಾಂಡಿಗೆ ಒಪ್ಪಿಸುವುದಿಲ್ಲ. ಹೊದಿಕೆಯನ್ನು ಮುಚ್ಚುವ ಹೊತ್ತಿಗೆ ರೆಕ್ಕೆಯನ್ನು ಅಲುಗದ ಪೀಠಕ್ಕೆ ಸೇರಿಸಿ, ಬುಡ ತುದಿಗಳೆರಡನ್ನೂ ಮಟ್ಟಗೋಲಿನಿಂದ ಅಳೆದ ಬಳಿಕವೇ ಬಂಧಿಸುತ್ತಾರೆ. ಕೈಗೆ ಎಟುಕಿಸುವುದು ಸ್ಟ್ಯಾಂಡಿನ ಧರ್ಮ, ನೇರವನ್ನು ಕಾಯುವುದು ಪೀಠದ ಧರ್ಮ.

ಮುಚ್ಚುವ ಮುನ್ನ ಸ್ಟ್ಯಾಂಡಿನಿಂದ ಇನ್ನೊಂದು ಉಪಕಾರವುಂಟು. ಕೊಠಡಿಯಲ್ಲಿ ಸದ್ದಡಗಿಸಿ ರೆಕ್ಕೆಯನ್ನು ಮೆಲ್ಲನೆ ಪೂರ್ತಿ ಹೊರಳಿಸಬೇಕು, ಕಿವಿಗೊಟ್ಟು ಆಲಿಸಬೇಕು. ಒಳಗೆ ಬಿದ್ದ ಒಂದು ನಟ್ಟು, ತುಂಡಾದ ಒಂದು ರಿವೆಟ್ ಉರುಳಿದ ಸದ್ದು ಕೇಳಿಬಂದರೆ ಹುಡುಕಿ ತೆಗೆಯಬೇಕು. ಅದು ಮುಂದೊಂದು ದಿನ ಚಲಿಸುವ ಫಲಕದ ಕೀಲಿನಲ್ಲಿ ಸಿಕ್ಕಿಕೊಂಡರೆ ಆಕಾಶದಲ್ಲಿ ಅದನ್ನು ಹುಡುಕುವವರಿಲ್ಲ.

ಈ ವಿದ್ಯೆಗೂ ನಮ್ಮ ನಾಡಿಗೂ ನಂಟಿಲ್ಲವೆಂದು ಭಾವಿಸಬಾರದು. ಬರ್ಟ್ ರುಟನ್ ಎಂಬ ಅಮೆರಿಕದ ವಿನ್ಯಾಸಕಾರರು ಹವ್ಯಾಸಿಗಳಿಗಾಗಿಯೇ ರೂಪಿಸಿದ ‘ಲಾಂಗ್-ಈಜೀ’ ವಿಮಾನದ ರೆಕ್ಕೆ, ಹಗುರವಾದ ನೊರೆಯ ದಿಮ್ಮಿಗೆ ಗಾಜಿನ ನಾರು ಮತ್ತು ಎಪಾಕ್ಸಿ ಹೊದಿಸಿದ್ದು. ಆ ವಿನ್ಯಾಸವನ್ನು ಆಧರಿಸಿ ೧೯೮೦ರ ದಶಕದಲ್ಲಿ ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ಒಂದು ಪುಟ್ಟ ಸಂಶೋಧನಾ ವಿಮಾನವನ್ನು ಕಟ್ಟಿ ಹಾರಿಸಿತು. ಅದೇ ಸಂಸ್ಥೆಯ ‘ಹಂಸ’ ತರಬೇತಿ ವಿಮಾನ ೧೯೯೩ರ ನವೆಂಬರಿನಲ್ಲಿ ಮೊದಲು ಆಕಾಶಕ್ಕೇರಿತು. ಮನೆಯ ಕೊಠಡಿಯ ವಿದ್ಯೆ ಹೀಗೆ ಪ್ರಯೋಗಾಲಯದ ವಿದ್ಯೆಗೂ ನೆರವಾಯಿತು.

ಅಮೆರಿಕದಲ್ಲಿ ಇಂಥ ವಿಮಾನ ಪೂರ್ಣಗೊಂಡ ಮೇಲೆ ಸಾಮಾನ್ಯವಾಗಿ ೨೫ ಇಲ್ಲವೆ ೪೦ ಗಂಟೆಗಳ ಪರೀಕ್ಷಾ ಹಾರಾಟ ಮುಗಿಯುವ ತನಕ ಮನೆಯವರನ್ನು ಕೂರಿಸಿಕೊಂಡು ಹಾರುವಂತಿಲ್ಲ. ಇದು ಹವ್ಯಾಸಿ ಕಟ್ಟಿದ ವಿಮಾನವೆಂದು ಎಚ್ಚರಿಸುವ ಫಲಕವೂ ಪ್ರಯಾಣಿಕರ ಕಣ್ಣಿಗೆ ಕಾಣುವಂತಿರಬೇಕು. ಆ ಫಲಕವನ್ನು ಓದಿಯೂ ಹೆಂಡತಿ ಮಕ್ಕಳು ನಿಶ್ಚಿಂತೆಯಿಂದ ಹತ್ತಿ ಕುಳಿತುಕೊಳ್ಳುವರೆಂದರೆ, ಆ ವಿಶ್ವಾಸಕ್ಕೆ ಅರ್ಹತೆ ದೊರೆತದ್ದು ಯಾರೂ ನೋಡದ ಆ ಕೊಠಡಿಯಲ್ಲಿ. ಎರಡು ಬಿಲ್ಲೆಗಳನ್ನು ಒಟ್ಟಿಗೆ ಕೊರೆದ ತಾಳ್ಮೆ, ಇಳಿಬಿಟ್ಟ ತೂಗುಗುಂಡು, ಸದ್ದಡಗಿಸಿ ಆಲಿಸಿದ ಕಿವಿ, ಇವುಗಳೇ ಅದರ ಆಧಾರ. ಸ್ಟ್ಯಾಂಡು ವಿಮಾನದೊಡನೆ ಹಾರುವುದಿಲ್ಲ. ಅದರ ನೇರ ಮಾತ್ರ ರೆಕ್ಕೆಯಲ್ಲಿ ಉಳಿದು ಹಾರುತ್ತದೆ.