ಹಿಮವನ್ನು ತಳ್ಳುವ ನೇಗಿಲು

ನೇಗಿಲು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಮುಂಗಾರಿನ ಮೊದಲ ಮಳೆ, ಎತ್ತಿನ ಜೋಡಿ ಮತ್ತು ಹಸಿ ಮಣ್ಣಿನ ವಾಸನೆ. ಸಂಸ್ಕೃತದಲ್ಲಿ ಅದಕ್ಕೆ ಲಾಂಗಲವೆಂದೂ, ಅದರ ಗುಳಕ್ಕೆ ಫಾಲವೆಂದೂ, ಅದು ಎಳೆದ ಗೆರೆಗೆ ಸೀತೆಯೆಂದೂ ಹೆಸರು. ಭೂಮಿಯನ್ನು ಸೀಳುವುದೇ ಅದರ ಧರ್ಮ. ಆದರೆ ಉತ್ತರ ಅಮೆರಿಕದ ಹಿಮಸೀಮೆಗಳಲ್ಲಿ ಇದೇ ಹೆಸರನ್ನು ಮತ್ತೊಂದು ಉಪಕರಣಕ್ಕೂ ಇಟ್ಟಿರುವರು. ಅದು ನೆಲವನ್ನು ಸೀಳತಕ್ಕದ್ದಲ್ಲ. ನೆಲದ ಮೇಲೆ ಬಿದ್ದ ಹಿಮವನ್ನು ಮಾತ್ರ ಬದಿಗೆ ಸರಿಸತಕ್ಕದ್ದು. ಮಣ್ಣಿಗಾಗಿ ಮಾಡಿದ ಅಲಗನ್ನು ಈ ಕೆಲಸಕ್ಕೆ ಒಗ್ಗಿಸುವ ಒಂದು ಗೃಹವಿದ್ಯೆ ಅಲ್ಲಿ ಬೆಳೆದಿರುವುದು. ಇಂದು ಕನ್ನಡನಾಡಿನ ಎಷ್ಟೋ ಮನೆಗಳ ಮಕ್ಕಳು ಆ ಸೀಮೆಗಳಲ್ಲಿ ಸಂಸಾರ ಹೂಡಿರುವರಾದಕಾರಣ, ಈ ವಿಷಯವು ನಮ್ಮ ವಾಚಕರಿಗೆ ತೀರ ಪರಕೀಯವಾಗಲಾರದೆಂದು ನಂಬಿ ನಾಲ್ಕು ಮಾತುಗಳನ್ನು ಬರೆಯುವೆವು.

ನ್ಯೂಯಾರ್ಕ್ ರಾಜ್ಯದ ಪಶ್ಚಿಮ ತುದಿಯಲ್ಲಿ, ಈರೀ ಸರೋವರದ ದಡದ ಮೇಲೆ ಬಫಲೋ ನಗರವಿರುವುದು. ಚಳಿಗಾಲದ ಆರಂಭದಲ್ಲಿ ಸರೋವರದ ನೀರು ಇನ್ನೂ ಬೆಚ್ಚಗಿರುವಾಗಲೇ ಅತಿಶೀತವಾದ ಗಾಳಿಯು ಅದರ ಮೇಲೆ ಹಾಯ್ದು, ಆವಿಯನ್ನು ಹೀರಿಕೊಂಡು, ದಡವನ್ನು ಸೇರಿದೊಡನೆ ಹಿಮವಾಗಿ ಸುರಿಸುವುದು. ೨೦೨೨ನೆಯ ನವೆಂಬರಿನಲ್ಲಿ ನಗರದ ದಕ್ಷಿಣಕ್ಕಿರುವ ಆರ್ಚರ್ಡ್ ಪಾರ್ಕ್ ಎಂಬಲ್ಲಿ ಕೆಲವೇ ದಿನಗಳೊಳಗೆ ಸುಮಾರು ೮೦ ಅಂಗುಲ ಹಿಮ ಬಿದ್ದಿತು. ಆಳೊಬ್ಬನ ಎತ್ತರಕ್ಕಿಂತಲೂ ಅದು ಹೆಚ್ಚು. ಅದೇ ವರ್ಷದ ಡಿಸೆಂಬರಿನ ಹಿಮಬಿರುಗಾಳಿಯಲ್ಲಿ ಆ ಪ್ರಾಂತದಲ್ಲಿ ನಲವತ್ತಕ್ಕೂ ಹೆಚ್ಚು ಜನರು ಪ್ರಾಣ ಬಿಟ್ಟರು. ರೋಗಿಗಳನ್ನು ಸಾಗಿಸುವ ವಾಹನಗಳೇ ಹಿಮದಲ್ಲಿ ಹೂತುಹೋಗಿ, ಕರೆದವರ ಬಾಗಿಲಿಗೆ ತಲುಪಲಾರದೆ ನಿಂತುವು. ದಾರಿ ತೆರೆದಿರುವುದೆಂದರೆ ಅಲ್ಲಿ ಸೌಕರ್ಯದ ಮಾತಲ್ಲ, ಪ್ರಾಣದ ಮಾತು.

ಬೀದಿಗಳನ್ನು ಸರಕಾರದ ದೊಡ್ಡ ವಾಹನಗಳು ತೆರವು ಮಾಡುವುವು. ಆದರೆ ಬೀದಿಯಿಂದ ಮನೆಯ ಬಾಗಿಲವರೆಗಿನ ದಾರಿ ಮನೆಯವರ ಹೊಣೆ. ಅಷ್ಟೇ ಅಲ್ಲ, ಬೀದಿಯ ನೇಗಿಲು ಹಾಯ್ದುಹೋಗುವಾಗ ಪ್ರತಿಯೊಂದು ಮನೆದಾರಿಯ ಮುಖದಲ್ಲಿಯೂ ಗಟ್ಟಿಹಿಮದ ಒಂದು ಬದುವನ್ನು ಹಾಕಿ ಹೋಗುವುದು. ೬೦ ಅಡಿ ಉದ್ದ, ೧೦ ಅಡಿ ಅಗಲದ ದಾರಿಯ ಮೇಲೆ ಒಂದಡಿ ಹಿಮ ಬಿದ್ದಿತೆನ್ನಿ. ಹಗುರವಾದ ಹೊಸ ಹಿಮವು ನೀರಿನ ಹತ್ತರಲ್ಲೊಂದು ಪಾಲು ತೂಗಿದರೂ ಅದರ ಭಾರ ಸುಮಾರು ೧,೭೦೦ ಕಿಲೋಗ್ರಾಂ ಆಗುವುದು. ತೊಯ್ದ ಹಿಮವಾದರೆ ಇದರ ಮೂರು ಪಟ್ಟು. ಇದನ್ನು ಸಲಿಕೆಯಿಂದ ಎತ್ತಿ ಎಸೆಯುವಾಗ ತೋಳುಗಳು ಬಿಗಿಯುವುವು, ಶೀತದಿಂದ ರಕ್ತನಾಳಗಳು ಸಂಕೋಚಗೊಳ್ಳುವುವು, ಹೃದಯದ ಮೇಲೆ ಹೊರೆ ಒಮ್ಮೆಲೆ ಏರುವುದು. ಪ್ರತಿ ಚಳಿಗಾಲದಲ್ಲಿಯೂ ಹೀಗೆ ಹಿಮ ಎತ್ತುತ್ತಲೇ ಕುಸಿದು ಬೀಳುವವರುಂಟು. ಅವರಲ್ಲಿ ನಮ್ಮ ವಯಸ್ಸಿನವರೇ ಹೆಚ್ಚು. ಮನೆಯ ಚಿಕ್ಕ ಟ್ರಾಕ್ಟರನ್ನು ಈ ಕೆಲಸಕ್ಕೆ ಹೂಡುವುದರ ನಿಜವಾದ ಪ್ರಯೋಜನವಿರುವುದು ಇಲ್ಲಿ.

ನಾವು ಒಂದು ಚಳಿಗಾಲವನ್ನು ಆ ಸೀಮೆಯಲ್ಲಿ ಮಗಳ ಮನೆಯಲ್ಲಿ ಕಳೆದೆವು. ನೆರೆಯಲ್ಲಿ ಒಬ್ಬ ವೃದ್ಧ ರೈತರಿದ್ದರು. ಹುಲ್ಲು ಕತ್ತರಿಸುವುದಕ್ಕೂ ತೋಟದ ಮಣ್ಣು ಸಮಮಾಡುವುದಕ್ಕೂ ಬಳಸುವ ಪುಟ್ಟ ಟ್ರಾಕ್ಟರೊಂದು ಅವರಲ್ಲಿತ್ತು. ಅದರ ಮುಂದಣ ಅಲಗು ೪೮ ಅಂಗುಲದ್ದು, ಮಣ್ಣಿಗಾಗಿ ಮಾಡಿದ್ದು. ಅಂಚು ಹರಿತ, ಚೌಕಟ್ಟಿಗೆ ಅದರ ಬಿಗಿತ ಕಟ್ಟುನಿಟ್ಟು. ಅದನ್ನು ಹಾಗೆಯೇ ಜಲ್ಲಿಯ ದಾರಿಯ ಮೇಲೆ ಓಡಿಸಿದರೆ ಹಿಮದೊಡನೆ ಜಲ್ಲಿಯನ್ನೂ ಕಿತ್ತು ಹುಲ್ಲಿನ ಮೇಲೆ ರಾಶಿಹಾಕುವುದು. ಹೆಪ್ಪುಗಟ್ಟಿದ ಕಲ್ಲೊಂದಕ್ಕೆ ತಗಲಿದರೆ ಗಾಡಿ ಥಟ್ಟನೆ ನಿಂತು ಮೇಲಿದ್ದವನು ಮುಂದಕ್ಕೆ ಮುಗ್ಗರಿಸುವನು. ಅಲಗಿನ ಕಚ್ಚುವ ಸ್ವಭಾವವನ್ನು ಬಿಡಿಸಿ ಜಾರುವ ಸ್ವಭಾವವನ್ನು ಕಲಿಸಬೇಕು ಎಂಬುದೇ ಆ ರೈತರು ಮಾಡಿದ ಎಲ್ಲ ಮಾರ್ಪಾಡುಗಳ ಸೂತ್ರವಾಗಿತ್ತು.

ಮೊದಲನೆಯದು ಅಂಚು. ಎರಡು ಅಂಗುಲ ವ್ಯಾಸದ ಉಕ್ಕಿನ ಕೊಳವೆಯೊಂದನ್ನು ಅಲಗಿನ ಉದ್ದಕ್ಕೆ ಸರಿಯಾಗಿ ಕತ್ತರಿಸಿ, ಅದರ ಒಂದು ಪಕ್ಕವನ್ನು ತುದಿಯಿಂದ ತುದಿಗೆ ಸೀಳಿ, ಆ ಸೀಳಿನೊಳಗೆ ಅಲಗಿನ ಕೆಳಅಂಚನ್ನು ಸೇರಿಸಿ ಬೋಲ್ಟುಗಳಿಂದ ಬಿಗಿಯುವುದು. ಹರಿತವಿದ್ದ ಅಂಚು ಈಗ ಗುಂಡಾಗಿ ಜಲ್ಲಿಯ ಮೇಲೆ ತೇಲಿ ಹೋಗುವುದು. ಬೇಸಿಗೆಯಲ್ಲಿ ಬೋಲ್ಟು ಬಿಚ್ಚಿದರೆ ಅಲಗು ಮತ್ತೆ ಮಣ್ಣಿನ ಕೆಲಸಕ್ಕೆ ಸಿದ್ಧ. ದಾರಿಯು ಕಾಂಕ್ರೀಟಿನದಾದರೆ ಕೊಳವೆಗೆ ಬದಲಾಗಿ ದಪ್ಪ ರಬ್ಬರಿನ ಪಟ್ಟಿಯನ್ನು, ಅಂಚಿನಿಂದ ಒಂದೆರಡು ಅಂಗುಲ ಕೆಳಗಿಳಿಯುವಂತೆ, ಉಕ್ಕಿನ ಪಟ್ಟಿಯೊಂದರಿಂದ ಅದುಮಿ ಬಿಗಿಯುವರು.

ಎರಡನೆಯದು ಪಾದುಕೆಗಳು. ಅಲಗಿನ ಎರಡು ಕೊನೆಗಳಲ್ಲಿಯೂ ತಟ್ಟೆಯಾಕಾರದ ಉಕ್ಕಿನ ಪಾದಗಳನ್ನು ಜೋಡಿಸಿದರೆ ಭಾರವೆಲ್ಲ ಅವುಗಳ ಮೇಲೆ ನಿಲ್ಲುವುದು. ಜಲ್ಲಿಯ ಮೇಲೆ ಅಂಚು ಅರ್ಧದಿಂದ ಒಂದು ಅಂಗುಲ ಎತ್ತರದಲ್ಲಿರಲಿ. ಮೊದಲ ಹಿಮದ ತೆಳುವಾದ ಪದರವೊಂದು ದಾರಿಯ ಮೇಲೆಯೇ ಉಳಿದು ಗಟ್ಟಿಯಾದರೆ, ಜಲ್ಲಿಗೆ ಅದೇ ಕವಚವಾಗುವುದು.

ಮೂರನೆಯದಾದ ಮಡಚುವ ಏರ್ಪಾಡೇ ಎಲ್ಲಕ್ಕಿಂತ ಮುಖ್ಯವೆಂದು ನಮಗೆ ತೋರಿತು. ಅಲಗನ್ನು ಚೌಕಟ್ಟಿಗೆ ಕೀಲಿನಿಂದ ಜೋಡಿಸಿ, ಹಿಂದಿನಿಂದ ಬಲವಾದ ಸ್ಪ್ರಿಂಗುಗಳಿಂದ ಎಳೆದು ನೆಟ್ಟಗೆ ನಿಲ್ಲಿಸಿರುವರು. ಕೆಳಗಂಚು ಅಡ್ಡಿಗೆ ತಗಲಿದರೆ ಅದು ಹಿಂದಕ್ಕೆ ಸರಿದು, ಮೇಲಂಚು ಮುಂದಕ್ಕೆ ಬಾಗಿ, ಅಡ್ಡಿಯನ್ನು ದಾಟಿದೊಡನೆ ಸ್ಪ್ರಿಂಗು ಅಲಗನ್ನು ಮೊದಲಿನಂತೆ ನಿಲ್ಲಿಸುವುದು. ತೊಯ್ದ ಹಿಮದ ಭಾರಕ್ಕೇ ಅಲಗು ಮಡಚತೊಡಗಿದರೆ ಇನ್ನೊಂದು ಸ್ಪ್ರಿಂಗನ್ನು ಕೂಡಿಸತಕ್ಕದ್ದು. ಆದರೆ ಮಡಚದಂತೆ ಕಟ್ಟಿಹಾಕುವುದು ಎಂದಿಗೂ ಕೂಡದು.

ಇನ್ನು ಅಗಲದ ಲೆಕ್ಕ. ಹಿಮವು ಒಂದೇ ಬದಿಗೆ ಸರಿಯಬೇಕಾದರೆ ಅಲಗನ್ನು ಓರೆಯಾಗಿ, ಸುಮಾರು ೩೦ ಡಿಗ್ರಿಯಷ್ಟು ತಿರುಗಿಸಬೇಕು. ಆಗ ೪೮ ಅಂಗುಲದ ಅಲಗು ತೆರವು ಮಾಡುವ ದಾರಿ ೪೨ ಅಂಗುಲಕ್ಕಿಂತ ತುಸು ಕಡಿಮೆ; ಹೊರಚಕ್ರ ಹಿಮದ ದಂಡೆಯನ್ನು ತುಳಿಯತೊಡಗುವುದು. ಎರಡು ಕೊನೆಗಳಿಗೂ ಮೂರು ಮೂರು ಅಂಗುಲದ ರೆಕ್ಕೆಗಳನ್ನು ಬೋಲ್ಟಿನಿಂದ ಸೇರಿಸಿದರೆ ದಾರಿ ಸುಮಾರು ೪೭ ಅಂಗುಲವಾಗುವುದು. ಶಾಲೆಯಲ್ಲಿ ಕೋಸೈನನ್ನು ಕಲಿಸಿದ ಗಣಿತದ ಮೇಷ್ಟರು ಇದನ್ನು ಕಂಡಿದ್ದರೆ ಸಂತೋಷಪಡುತ್ತಿದ್ದರು. ಮೇಲಂಚಿಗೆ ಹಳೆಯ ರಬ್ಬರು ಪಟ್ಟೆಯೊಂದನ್ನು ಮುಂದಕ್ಕೆ ಬಾಗುವಂತೆ ಬಿಗಿದರೆ ಹಿಮದ ಪುಡಿ ಚಾಲಕನ ಮುಖಕ್ಕೆ ಹಾರಲಾರದು. ಮುಂದೆ ಅಲಗು ಭಾರವಾದಷ್ಟೂ ಹಿಂದಿನ ಚಕ್ರಗಳು ನೆಲದ ಹಿಡಿತವನ್ನು ಕಳೆದುಕೊಳ್ಳುವುವಾದ್ದರಿಂದ ಅವುಗಳ ಮೇಲೆ ತೂಕವನ್ನೂ, ಅವುಗಳ ಸುತ್ತ ಸರಪಣಿಯನ್ನೂ ಹಾಕತಕ್ಕದ್ದು.

ಅಲಗಿನ ಮೈಯೂ ನುಣುಪಾಗಿರಬೇಕು. ೧೮೩೭ರಲ್ಲಿ ಇಲಿನಾಯ್ ಪ್ರಾಂತದ ಜಾನ್ ಡೀರ್ ಎಂಬ ಕಮ್ಮಾರನು ನಯಗೊಳಿಸಿದ ಉಕ್ಕಿನಿಂದ ನೇಗಿಲನ್ನು ಮಾಡಿದುದು, ಅಲ್ಲಿನ ಜಿಗುಟು ಮಣ್ಣು ಎರಕದ ಕಬ್ಬಿಣದ ನೇಗಿಲಿಗೆ ಅಂಟಿಕೊಳ್ಳುತ್ತಿದ್ದುದರಿಂದ. ಹಿಮದ ಅಂಟೂ ಅಂಥದೇ. ಬೆಚ್ಚನೆಯ ಕೊಟ್ಟಿಗೆಯಿಂದ ಹೊರಬಂದ ಅಲಗಿಗೆ ತಗಲಿದ ಹಿಮ ಮೊದಲು ಕರಗಿ, ಮರುಕ್ಷಣವೇ ಮಂಜುಗಡ್ಡೆಯಾಗಿ ಹತ್ತಿಕೊಳ್ಳುವುದು. ಆದ್ದರಿಂದ ಅಲಗಿಗೆ ಮೇಣ ಸವರಿ, ಸ್ವಲ್ಪ ಹೊತ್ತು ಹೊರಗೆ ಆರಗೊಟ್ಟು, ಅನಂತರ ಕೆಲಸಕ್ಕೆ ಇಳಿಯುವುದು ಜಾಣತನ.

ಓಡಿಸುವ ಕ್ರಮದಲ್ಲಿಯೂ ವಿವೇಕ ಬೇಕು. ಎರಡಡಿ ಬೀಳುವವರೆಗೆ ಕಾಯದೆ ಅರ್ಧ ಅಡಿ ಬಿದ್ದೊಡನೆ ಒಮ್ಮೆ ತಳ್ಳುವುದು ಲೇಸು. ಮೊದಲ ಹಿಮವನ್ನು ಆದಷ್ಟು ದೂರಕ್ಕೆ ಸರಿಸಬೇಕು. ದಂಡೆಗಳು ಹೆಪ್ಪುಗಟ್ಟಿದ ಮೇಲೆ ಫೆಬ್ರವರಿಯ ಹಿಮಕ್ಕೆ ಸ್ಥಳವಿರಲಾರದು. ಬೀದಿಗೆ ತಳ್ಳುವುದನ್ನು ಅನೇಕ ರಾಜ್ಯಗಳ ಕಾನೂನು ನಿಷೇಧಿಸಿದೆ. ನೆರೆಯವನ ದಾರಿಗೆ ತಳ್ಳುವುದನ್ನು ಧರ್ಮವೇ ನಿಷೇಧಿಸಿದೆ. ಬೆಂಕಿ ಆರಿಸುವ ನೀರಿನ ನಲ್ಲಿಯನ್ನು ಮುಚ್ಚಬಾರದು. ಬಾಗಿಲು ಹಾಕಿದ ಕೊಟ್ಟಿಗೆಯಲ್ಲಿ ಯಂತ್ರವನ್ನು ಓಡಿಸಿ ಮೈ ಕಾಯಿಸಿಕೊಳ್ಳುವುದಂತೂ ಮೃತ್ಯುವನ್ನು ಕರೆದಂತೆ, ಏಕೆಂದರೆ ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಎತ್ತಿದ ಅಲಗಿನ ಕೆಳಗೆ ಮರದ ದಿಮ್ಮಿಯನ್ನಿಡದೆ ಕೈಹಾಕತಕ್ಕದ್ದಲ್ಲ.

ಆ ರೈತರು ತಮ್ಮ ದಾರಿಯನ್ನು ಮುಗಿಸಿದ ಮೇಲೆ ಎದುರು ಮನೆಯಲ್ಲಿ ಒಂಟಿಯಾಗಿದ್ದ ವೃದ್ಧೆಯೊಬ್ಬರ ದಾರಿಯ ಮುಖದ ಬದುವನ್ನು ತಪ್ಪದೆ ಒಡೆದು ಬರುತ್ತಿದ್ದರು. ಅದಕ್ಕೆ ಹಿಡಿಯುತ್ತಿದ್ದುದು ಐದು ನಿಮಿಷ. ರಾತ್ರಿಯಲ್ಲಿ ವೈದ್ಯರ ವಾಹನವು ಬರಬೇಕಾದರೆ ಆ ಐದು ನಿಮಿಷವೇ ಬಾಗಿಲು ತೆರೆದಂತೆ. ಹಿಮಸೀಮೆಯಲ್ಲಿರುವ ನಮ್ಮ ಮಕ್ಕಳು ಇಂಥದೊಂದು ಅಲಗನ್ನು ಸಿದ್ಧಪಡಿಸುವುದಾದರೆ, ಮೊದಲ ಹಿಮ ಬೀಳುವ ಮುನ್ನ, ಅಕ್ಟೋಬರಿನ ಬಿಸಿಲಿನಲ್ಲಿಯೇ ಅದನ್ನು ಮಾಡಿ ಮುಗಿಸಲಿ. ಹಿಮ ಸುರಿಯುವಾಗ ಬೋಲ್ಟು ಹುಡುಕುವವನ ಬೆರಳುಗಳು ಮರಗಟ್ಟಿರುವುವು. ತಂದೆತಾಯಿಗಳು ಬಂದಿರುವ ಮನೆಯಲ್ಲಿ ಸಲಿಕೆಯನ್ನು ಅವರ ಕೈಗೆ ಸಿಗದಂತೆ ಎತ್ತಿಡುವುದನ್ನೂ ಮರೆಯದಿರಲಿ.