ಹುಳುಕಿನ ಬೇರು ಬಾಯಿಯಲ್ಲಿಲ್ಲ

ಆಸ್ಟ್ರೇಲಿಯಾದ ನಟ್ಟನಡುವೆ, ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ಸುಮಾರು 300 ಕಿಲೋಮೀಟರ್ ದೂರದಲ್ಲಿ ಯುವೆಂಡುಮು ಎಂಬ ಊರಿದೆ. ಅಲ್ಲಿರುವವರು ವಾರ್ಲ್ಪಿರಿ ಮೂಲನಿವಾಸಿಗಳು. 1951ರಿಂದ 1971ರವರೆಗೆ ಅಡಿಲೇಡ್ ವಿಶ್ವವಿದ್ಯಾಲಯದ ದಂತತಜ್ಞರು ಮತ್ತೆ ಮತ್ತೆ ಅಲ್ಲಿಗೆ ಹೋಗಿ, ಅದೇ ಮಕ್ಕಳ ಹಲ್ಲಿನ ಅಚ್ಚುಗಳನ್ನು ತೆಗೆದುಕೊಂಡು ಬಂದರು. ಬೇಟೆಯ ಮಾಂಸ, ಗೆಡ್ಡೆ, ಹುಲ್ಲುಬೀಜ ತಿಂದು ಬೆಳೆದ ಹಿರಿಯರ ಹಲ್ಲುಗಳು ಚೆನ್ನಾಗಿ ಸವೆದಿದ್ದವು. ಹುಳುಕು ಮಾತ್ರ ಅಪರೂಪ. ಅಡಿಲೇಡಿನ ದಂತವೈದ್ಯ ಟಿ. ಡಿ. ಕ್ಯಾಂಬೆಲ್ 1925ರಲ್ಲೇ ಮೂಲನಿವಾಸಿಗಳ ಹಲ್ಲುಗಳ ಬಗ್ಗೆ ದೊಡ್ಡ ಅಧ್ಯಯನ ಪ್ರಕಟಿಸಿದ್ದರು. ಆ ಕಾಲದಲ್ಲಿ ಹುಳುಕು ಹಲ್ಲು ಹೆಚ್ಚಾಗಿ ಬಿಳಿಯರ ಮಕ್ಕಳನ್ನು ಕಾಡುತ್ತಿತ್ತು.

ಈಗ ಲೆಕ್ಕ ತಿರುಗಿಬಿದ್ದಿದೆ. 2012–14ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮೂಲನಿವಾಸಿ ಮಕ್ಕಳ ಹಾಲುಹಲ್ಲುಗಳಲ್ಲಿ ಕಂಡ ಹುಳುಕು ಉಳಿದ ಮಕ್ಕಳದಕ್ಕಿಂತ ಸುಮಾರು ಎರಡು ಪಟ್ಟು. ಮೂರು ತಲೆಮಾರುಗಳಲ್ಲಿ ಒಂದು ಜನಾಂಗದ ವಂಶವಾಹಿ ಹೀಗೆ ಬದಲಾಗುವುದಿಲ್ಲ. ಬದಲಾದದ್ದು ಬೇರೆ ಏನೋ.

ಯುವೆಂಡುಮು ಊರಾಗಿದ್ದೇ 1946ರಲ್ಲಿ, ಸರ್ಕಾರ ಪಡಿ ಹಂಚುವ ಠಾಣೆಯಾಗಿ. ಹಂಚಿದ್ದು ಮುಖ್ಯವಾಗಿ ಮೈದಾಹಿಟ್ಟು, ಸಕ್ಕರೆ, ಚಹಾಪುಡಿ. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್‌ನಲ್ಲಿರುವ ಖನಿಜ ಕರಗತೊಡಗುತ್ತದೆ. ಜೊಲ್ಲು ಆ ಆಮ್ಲವನ್ನು ತಣಿಸಿ, ಕ್ಯಾಲ್ಸಿಯಂ ಮತ್ತು ಫಾಸ್ಫೇಟನ್ನು ಹಲ್ಲಿಗೆ ಮರಳಿ ಕೊಡುತ್ತದೆ, ಆದರೆ ಅದಕ್ಕೆ ಸಮಯ ಬೇಕು. ಗಳಿಗೆಗೊಮ್ಮೆ ಸಿಹಿ ಕುಡಿಯುವ ಮಗುವಿನ ಬಾಯಿಗೆ ಆ ಬಿಡುವು ಸಿಗುವುದಿಲ್ಲ. ಸಾಲದ್ದಕ್ಕೆ ನೀರಿನ ಕಷ್ಟ. ನ್ಯೂ ಸೌತ್ ವೇಲ್ಸ್‌ನ ವಾಲ್ಗೆಟ್ ಪಟ್ಟಣದಲ್ಲಿ ನದಿಗಳು ಬತ್ತಿದಾಗ ನಲ್ಲಿಗೆ ಬಂದದ್ದು ಸೋಡಿಯಂ ತುಂಬಿದ ಕೊಳವೆಬಾವಿಯ ನೀರು. ಕುಡಿಯುವ ನೀರು ಬಾಯಿಗೆ ಹಿಡಿಸದ ಊರಿನಲ್ಲಿ, ತಂಪುಪಾನೀಯ ಕೊಡಿಸಿದ ತಾಯಿಯನ್ನು ದೂರುವುದು ಅನ್ಯಾಯ.

ಅತ್ತ ಬಿಳಿಯರ ಮಕ್ಕಳ ಹಲ್ಲು ಸುಧಾರಿಸಲು ಮುಖ್ಯ ಕಾರಣ ಫ್ಲೋರೈಡ್. ಕರಗಿದ ಖನಿಜ ಹಲ್ಲಿಗೆ ಮರಳಲು ಅದು ನೆರವಾಗುತ್ತದೆ. ಹಾಗೆ ಮರಳಿದ ಪದರ ಆಮ್ಲವನ್ನು ಹೆಚ್ಚು ತಾಳಿಕೊಳ್ಳುತ್ತದೆ. 1953ರಲ್ಲಿ ಟಾಸ್ಮೇನಿಯಾದ ಬೀಕನ್ಸ್‌ಫೀಲ್ಡ್, 1964ರಲ್ಲಿ ಕ್ಯಾನ್‌ಬೆರಾ, 1968ರಲ್ಲಿ ಸಿಡ್ನಿ ನಲ್ಲಿನೀರಿಗೆ ಅದನ್ನು ಬೆರೆಸಿದವು. ಫ್ಲೋರೈಡ್ ಇರುವ ಟೂತ್‌ಪೇಸ್ಟೂ ಬಂತು. ಪಾವಗಡದಂಥ ಕಡೆ ಫ್ಲೋರೈಡ್ ಹೆಚ್ಚಾಗಿ ಹಲ್ಲು ಕಂದಿದ್ದನ್ನು, ಮೂಳೆ ಬಿಗಿದದ್ದನ್ನು ಕಂಡ ನಮಗೆ ಇದು ವಿಚಿತ್ರ ಅನ್ನಿಸಬಹುದು. ಎಲ್ಲವೂ ಪ್ರಮಾಣದ ಮಾತು. ಆಸ್ಟ್ರೇಲಿಯಾದಲ್ಲಿ ಲೀಟರಿಗೆ ಒಂದು ಮಿಲಿಗ್ರಾಮಿನ ಆಸುಪಾಸಿನಲ್ಲಿಡುತ್ತಾರೆ, 1.5 ದಾಟಗೊಡುವುದಿಲ್ಲ. ಆದರೆ ಬೆರೆಸುವ ಘಟಕಕ್ಕೆ ಹಣ ಬೇಕು, ನೋಡಿಕೊಳ್ಳಲು ಕಲಿತ ಜನ ಬೇಕು. ಕೊಳವೆಬಾವಿ ನಂಬಿದ ಬಹುಪಾಲು ಸಣ್ಣ ಊರುಗಳಿಗೆ ಆ ಭಾಗ್ಯ ಬರಲಿಲ್ಲ.

ಹಳ್ಳಿಯ ಬಿಳಿಯ ಮಗುವಿಗೂ ದಂತವೈದ್ಯರು ದೂರವೇ, ನಿಜ. ಆದರೆ ಆ ಮನೆಯಲ್ಲಿ ಕಾರು, ನಿಶ್ಚಿತ ಸಂಬಳ ಇರುವ ಸಾಧ್ಯತೆ ಹೆಚ್ಚು. ಆಸ್ಪತ್ರೆಯಲ್ಲಿ ಅವಮಾನವಾದೀತು ಎಂಬ ಅಳುಕೂ ಇಲ್ಲ. ಆ ಅಳುಕಿನಿಂದ, ಆ ದೂರದಿಂದ ಚಿಕಿತ್ಸೆ ತಡವಾದ ಎಷ್ಟೋ ಪುಟ್ಟ ಮೂಲನಿವಾಸಿ ಮಕ್ಕಳು ಕೊನೆಗೆ ಅರಿವಳಿಕೆ ಪಡೆದು ಹಲವು ಹಲ್ಲುಗಳನ್ನು ಒಟ್ಟಿಗೆ ಕೀಳಿಸಿಕೊಳ್ಳಬೇಕಾಗುತ್ತದೆ.

ದಾರಿ ಇಲ್ಲದೆ ಇಲ್ಲ. ನಾರ್ದರ್ನ್ ಟೆರಿಟರಿಯ 30 ಊರುಗಳಲ್ಲಿ 2006ರಿಂದ 2008ರವರೆಗೆ, ನಾಲ್ಕು ವರ್ಷ ತುಂಬದ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಅರ್ಧದಷ್ಟು ಊರುಗಳಲ್ಲಿ ಆರು ತಿಂಗಳಿಗೊಮ್ಮೆ ಹಲ್ಲುಗಳಿಗೆ ಫ್ಲೋರೈಡ್ ವಾರ್ನಿಶ್ ಬಳಿದರು, ಮನೆಯವರಿಗೆ ತಿಳಿವಳಿಕೆ ಕೊಟ್ಟರು. ಎರಡು ವರ್ಷಗಳಲ್ಲಿ ಹೊಸ ಹುಳುಕು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ತಗ್ಗಿತು. ಉಳಿದದ್ದು ಸಕ್ಕರೆಯ ಕೆಲಸ, ಅದನ್ನು ಬಣ್ಣದಂತೆ ಬಳಿದು ಮುಚ್ಚಲಾಗದು. ವಾರ್ನಿಶ್ ಬಳಿಯುವುದು ಕೆಲವೇ ನಿಮಿಷಗಳ ಕೆಲಸ, ಡ್ರಿಲ್ ಬೇಡ, ಸೂಜಿ ಬೇಡ. ಹಾಗಾಗಿಯೇ ನ್ಯೂ ಸೌತ್ ವೇಲ್ಸ್‌ನಲ್ಲಿ ಮೂಲನಿವಾಸಿ ಸಮುದಾಯದ ದಂತ ಸಹಾಯಕರಿಗೆ ತರಬೇತಿ ಕೊಟ್ಟು, ಶಾಲೆಗಳಲ್ಲೇ ಮಕ್ಕಳ ಹಲ್ಲಿಗೆ ವಾರ್ನಿಶ್ ಬಳಿಸಿದ್ದಾರೆ.