ಬರಿದಾದ ಹಳ್ಳಿಗಳಿಗೆ ಸೈಕಲ್ ದಾರಿ: ಸ್ಪೇನಿನ ಗ್ರಾಮೀಣ ಪ್ರವಾಸೋದ್ಯಮದ ಒಂದು ಪಾಠ

ಸ್ಪೇನ್ ದೇಶದ ಪ್ರವಾಸೋದ್ಯಮವೆಂದೊಡನೆ ನೆನಪಿಗೆ ಬರುವುದು ಮೆಡಿಟರೇನಿಯನ್ ಕಡಲತೀರ ಹಾಗೂ ಬಾರ್ಸಿಲೋನಾ, ಮ್ಯಾಡ್ರಿಡ್‌ನಂತಹ ಮಹಾನಗರಗಳು. 2024ನೇ ಇಸವಿಯೊಂದರಲ್ಲೇ 9 ಕೋಟಿಗೂ ಹೆಚ್ಚು ವಿದೇಶೀ ಪ್ರವಾಸಿಗರು ಆ ದೇಶಕ್ಕೆ ಭೇಟಿ ನೀಡಿದರು. ಆದರೆ ಈ ಜನಪ್ರವಾಹದ ಬಹುಪಾಲು ಕಡಲತೀರ, ದ್ವೀಪ ಮತ್ತು ನಗರಗಳಲ್ಲಿಯೇ ತಂಗಿ ಹಿಂದಿರುಗುತ್ತದೆ. ಒಳನಾಡಿನ ಚಿತ್ರವೇ ಬೇರೆ. 1950ರ ದಶಕದಿಂದೀಚೆಗೆ ಅಲ್ಲಿನ ಜನರು ಉದ್ಯೋಗವನ್ನರಸಿ ನಗರಗಳಿಗೆ ವಲಸೆ ಹೋದರು. ಇಂದು ತೆರುಎಲ್ ಪ್ರಾಂತ್ಯದಲ್ಲಿ ಚದರ ಕಿಲೋಮೀಟರಿಗೆ ವಾಸಿಸುವವರು ಸುಮಾರು 9 ಮಂದಿ ಮಾತ್ರ. 2016ರಲ್ಲಿ ಲೇಖಕ ಸೆರ್ಹಿಯೊ ದೆಲ್ ಮೊಲಿನೊ ತಮ್ಮ ಕೃತಿಯೊಂದಕ್ಕೆ ‘ಬರಿದಾದ ಸ್ಪೇನ್’ ಎಂಬರ್ಥದ ಹೆಸರನ್ನಿಟ್ಟ ಮೇಲೆ, ಈ ಮಾತು ಆ ದೇಶದ ರಾಜಕೀಯ ಚರ್ಚೆಯಲ್ಲಿ ನೆಲೆಯೂರಿತು.

ಊರಿನಲ್ಲಿ ಉಳಿದಿರುವ ಕೊನೆಯ ಅಂಗಡಿಯೂ ಮುಚ್ಚಿದರೆ ಅಲ್ಲಿ ಬಾಳುವುದು ದುಸ್ತರವಾಗುತ್ತದೆ. ಉಳಿದ ಕೆಲವೇ ಗ್ರಾಹಕರಿಂದ ಅಂಗಡಿಯನ್ನು ನಡೆಸುವುದೂ ಅಷ್ಟೇ ದುಸ್ತರ. ಈ ಇಕ್ಕಟ್ಟಿಗೆ ಸ್ಪೇನಿನ ಹಲವು ಪ್ರದೇಶಗಳು ಕಂಡುಕೊಂಡ ಉತ್ತರಗಳಲ್ಲಿ ಒಂದು, ಬೆಟ್ಟದ ಸೈಕಲ್ ಅಥವಾ ‘ಮೌಂಟನ್ ಬೈಕ್’ ಸವಾರರಿಗಾಗಿ ರೂಪಿಸಿದ ಮಾರ್ಗಗಳು. ಈ ಮಾರ್ಗಗಳ ಹಿಂದಿರುವ ವ್ಯಾವಹಾರಿಕ ಲೆಕ್ಕಾಚಾರವು ವಾಣಿಜ್ಯ ಬಾಂಧವರ ಗಮನಕ್ಕೆ ಅರ್ಹವಾಗಿದೆ.

ಹಳೆಯ ದಾರಿಗಳೇ ಮೂಲ ಬಂಡವಾಳ

ಈ ಮಾರ್ಗಗಳ ಬಹುಭಾಗವನ್ನು ಹೊಸದಾಗಿ ನಿರ್ಮಿಸಿಲ್ಲವೆಂಬುದು ಮೊದಲು ಗಮನಿಸಬೇಕಾದ ಅಂಶ. ಬೇರೊಂದು ಕಾಲದ ವಾಣಿಜ್ಯವು ನಿರ್ಮಿಸಿ, ಬಳಸಿ, ಕೈಬಿಟ್ಟ ದಾರಿಗಳನ್ನೇ ಮರಳಿ ಉಪಯೋಗಕ್ಕೆ ತರಲಾಗಿದೆ.

ಇವುಗಳಲ್ಲಿ ಅತ್ಯಂತ ಪ್ರಾಚೀನವಾದವು ಕುರಿಹಿಂಡುಗಳ ದಾರಿಗಳು. ಚಳಿಗಾಲಕ್ಕೆ ದಕ್ಷಿಣದ ಬಯಲಿಗೂ ಬೇಸಿಗೆಗೆ ಉತ್ತರದ ಬೆಟ್ಟಗಳಿಗೂ ಕುರಿಗಳನ್ನು ಹೊಡೆದುಕೊಂಡು ಹೋಗುವ ಪದ್ಧತಿ ಅಲ್ಲಿತ್ತು. ಕುರಿಗಾಹಿಗಳ ‘ಮೆಸ್ತಾ’ ಎಂಬ ಸಂಘಕ್ಕೆ 1273ರಲ್ಲಿ ದೊರೆ ಹತ್ತನೆಯ ಅಲ್ಫೊನ್ಸೊ ಮಾನ್ಯತೆಯನ್ನಿತ್ತನು. ಮೆರಿನೊ ಉಣ್ಣೆಯ ವ್ಯಾಪಾರದಿಂದ ಪ್ರಬಲವಾಗಿ ಬೆಳೆದ ಈ ಸಂಘವು 1836ರಲ್ಲಿ ರದ್ದಾಯಿತು. ದಾರಿಗಳು ಮಾತ್ರ ಉಳಿದವು. ಇವುಗಳ ಒಟ್ಟು ಉದ್ದ ಸುಮಾರು 1,25,000 ಕಿಲೋಮೀಟರೆಂದು ಅಂದಾಜು. ಅತ್ಯಂತ ವಿಶಾಲವಾದ ದಾರಿಗಳ ಅಗಲ 75 ಮೀಟರಿನವರೆಗೂ ಇದೆ. ಇವು ಸಾರ್ವಜನಿಕ ಸ್ವತ್ತೆಂದು 1995ರ ಕಾನೂನು ಸ್ಪಷ್ಟಪಡಿಸಿದೆ. ಜಾನುವಾರುಗಳ ಸಂಚಾರಕ್ಕೆ ಆದ್ಯತೆಯನ್ನು ಉಳಿಸಿಕೊಂಡೇ ಕಾಲ್ನಡಿಗೆ, ಕುದುರೆ ಸವಾರಿ ಮತ್ತು ಯಂತ್ರರಹಿತ ಕ್ರೀಡೆಗಳಿಗೂ ಅದು ಅವಕಾಶ ನೀಡಿದೆ. ಇಂತಹ ದಾರಿಗಳಲ್ಲಿ ಸೈಕಲ್ ಮಾರ್ಗವನ್ನು ರೂಪಿಸುವವರು ಭೂಸ್ವಾಧೀನದ ವೆಚ್ಚವನ್ನೂ ವ್ಯಾಜ್ಯವನ್ನೂ ಬಹುಮಟ್ಟಿಗೆ ತಪ್ಪಿಸಿಕೊಳ್ಳುತ್ತಾರೆ.

ಎರಡನೆಯದು ಕೈಬಿಟ್ಟ ರೈಲುದಾರಿಗಳು. ನಷ್ಟದಲ್ಲಿ ನಡೆಯುತ್ತಿದ್ದ ಅನೇಕ ಮಾರ್ಗಗಳಲ್ಲಿ ಸಂಚಾರವು 1985ರಲ್ಲಿ ನಿಂತುಹೋಯಿತು. 1993ರಲ್ಲಿ ಆರಂಭವಾದ ‘ವಿಯಾಸ್ ವೆರ್ದೆಸ್’ ಅಥವಾ ‘ಹಸಿರು ದಾರಿ’ ಯೋಜನೆಯು ಸಂಚಾರವಿಲ್ಲದ ಇಂತಹ 7,000 ಕಿಲೋಮೀಟರಿಗೂ ಅಧಿಕ ರೈಲುದಾರಿಯನ್ನು ಗುರುತಿಸಿತು. ಸ್ಪೇನಿನ ರೈಲ್ವೆ ಪ್ರತಿಷ್ಠಾನದ ಸಮನ್ವಯದಲ್ಲಿ ಇವುಗಳಲ್ಲಿ 3,000 ಕಿಲೋಮೀಟರಿಗೂ ಹೆಚ್ಚು ದಾರಿ ಇಂದು ನಡಿಗೆದಾರರಿಗೂ ಸೈಕಲ್ ಸವಾರರಿಗೂ ತೆರೆದಿದೆ. ರೈಲುದಾರಿಯ ಏರು ಸಹಜವಾಗಿಯೇ ಮಂದ. ಆದುದರಿಂದ ಮಕ್ಕಳೂ ವೃದ್ಧರೂ ಇಲ್ಲಿ ಸವಾರಿ ಮಾಡಬಲ್ಲರು.

ಆಂಡಲೂಸಿಯಾದ ‘ಎಣ್ಣೆಯ ಹಸಿರು ದಾರಿ’ ಇದಕ್ಕೊಂದು ಉತ್ತಮ ನಿದರ್ಶನ. ಒಂದು ಕಾಲದಲ್ಲಿ ಆಲಿವ್ ಎಣ್ಣೆಯನ್ನು ಸಾಗಿಸುತ್ತಿದ್ದ ರೈಲಿನ ದಾರಿಯಿದು. ಹಾಯೆನ್ ನಗರದಿಂದ ಪುಯೆಂತೆ ಹೆನಿಲ್‌ವರೆಗೆ ಸುಮಾರು 128 ಕಿಲೋಮೀಟರ್ ಉದ್ದವಿರುವ ಇದು, ಹತ್ತೊಂಬತ್ತನೆಯ ಶತಮಾನದ ಕಬ್ಬಿಣದ ಸೇತುವೆಗಳ ಮೇಲೆ ಆಲಿವ್ ತೋಟಗಳ ನಡುವೆ ಸಾಗುತ್ತದೆ. ಹಾಯೆನ್ ಪ್ರಾಂತ್ಯವೊಂದರಲ್ಲೇ 6 ಕೋಟಿಗೂ ಹೆಚ್ಚು ಆಲಿವ್ ಮರಗಳಿವೆ. ಅದೇ ಆಂಡಲೂಸಿಯಾದ ‘ಬೆಟ್ಟಸಾಲಿನ ಹಸಿರು ದಾರಿ’ಯ ಕಥೆ ಇನ್ನೂ ವಿಚಿತ್ರ. 1920ರ ದಶಕದಲ್ಲಿ ಆರಂಭವಾದ ಈ ರೈಲುಮಾರ್ಗವು ಅರ್ಧಕ್ಕೇ ನಿಂತಿತು. ಅದರ ಮೇಲೆ ಒಂದು ರೈಲೂ ಓಡಲಿಲ್ಲ. ಇಂದು ಪುಯೆರ್ತೊ ಸೆರಾನೊ ಮತ್ತು ಓಲ್ವೆರಾ ಊರುಗಳ ನಡುವಣ 36 ಕಿಲೋಮೀಟರಿನಲ್ಲಿ 30 ಸುರಂಗಗಳನ್ನೂ 4 ಎತ್ತರದ ಸೇತುವೆಗಳನ್ನೂ ದಾಟಿ ಸವಾರರು ಸಾಗುತ್ತಾರೆ. ಪ್ರಯಾಣಿಕರನ್ನೇ ಕಾಣದ ನಿಲ್ದಾಣಗಳು ವಸತಿಗೃಹಗಳಾಗಿ, ಉಪಾಹಾರ ಗೃಹಗಳಾಗಿ ಬದಲಾಗಿವೆ. ವ್ಯರ್ಥವಾಯಿತೆನ್ನಲಾದ ಬಂಡವಾಳವು ಹಲವು ದಶಕಗಳ ನಂತರ ಪ್ರತಿಫಲ ನೀಡುತ್ತಿದೆ.

ಐನ್ಸಾದ ವರ್ತಕರ ಮಾದರಿ

ಮೂರನೆಯ ಬಗೆಯವು ಬೆಟ್ಟದ ಕಾಲುದಾರಿಗಳು. ಫ್ರಾನ್ಸಿನ ಗಡಿಯಲ್ಲಿರುವ ಪಿರೆನೀಸ್ ಪರ್ವತಗಳ ಸೊಬ್ರಾರ್ಬೆ ಸೀಮೆಯಲ್ಲಿ, ಹಿಂದೆ ಹೇಸರಗತ್ತೆಗಳ ಮೇಲೆ ಸರಕು ಹೇರಿಕೊಂಡು ಹಳ್ಳಿಯಿಂದ ಹಳ್ಳಿಗೆ ಹೋಗುತ್ತಿದ್ದ ದಾರಿಗಳು ಹಳ್ಳಿಗಳು ಬರಿದಾದೊಡನೆ ಪೊದೆಗಳಲ್ಲಿ ಮುಚ್ಚಿಹೋಗಿದ್ದವು. ಐನ್ಸಾ ಪಟ್ಟಣವನ್ನು ಕೇಂದ್ರವಾಗಿಸಿಕೊಂಡ ‘ಸೋನಾ ಸೆರೊ’ ಎಂಬ ಯೋಜನೆಯಡಿ ಇವುಗಳನ್ನು ತೆರವುಗೊಳಿಸಿ, ಕಷ್ಟದ ಮಟ್ಟಕ್ಕನುಗುಣವಾಗಿ ವರ್ಗೀಕರಿಸಿ, ಫಲಕಗಳನ್ನು ನೆಡಲಾಯಿತು. ಸ್ಥಳೀಯ ಸೈಕಲ್ ಸವಾರರೊಡನೆ ವಸತಿಗೃಹ, ಭೋಜನಾಲಯ, ಸೈಕಲ್ ಅಂಗಡಿಗಳ ಮಾಲೀಕರೂ ಇದಕ್ಕೆ ಕೈಜೋಡಿಸಿದರು. 2015 ಮತ್ತು 2018ರಲ್ಲಿ ವಿಶ್ವಮಟ್ಟದ ‘ಎಂಡ್ಯೂರೊ’ ಸ್ಪರ್ಧಾ ಸರಣಿಯ ಸುತ್ತುಗಳು ಇಲ್ಲಿಯೇ ನಡೆದವು. ಕಲ್ಲಿನ ಮನೆಗಳ ಈ ಚಿಕ್ಕ ಪಟ್ಟಣದ ಹೆಸರು ಇಂದು ಯುರೋಪಿನ ಬೆಟ್ಟದ ಸೈಕಲ್ ಸವಾರರಿಗೆ ಸುಪರಿಚಿತ.

ದಾರಿಯಿಂದ ಲಾಭ ಪಡೆಯುವವರೇ ದಾರಿಯ ನಿರ್ವಹಣೆಯಲ್ಲಿ ಪಾಲುದಾರರಾಗಿರುವುದು ಈ ಮಾದರಿಯ ಹೆಚ್ಚುಗಾರಿಕೆ. ಮಳೆಗೆ ಕೊಚ್ಚಿಹೋದ ತಿರುವು, ಅಡ್ಡಬಿದ್ದ ಮರ, ಕಾಣೆಯಾದ ಫಲಕ, ಇವು ಯಾವುದೂ ದೊಡ್ಡ ವೆಚ್ಚದ ಬಾಬತ್ತಲ್ಲ. ಆದರೆ ಪ್ರತಿ ವರ್ಷವೂ ಯಾರಾದರೊಬ್ಬರು ಅದನ್ನು ಮಾಡಲೇಬೇಕು. ಉದ್ಘಾಟನೆಗೆ ಅನುದಾನ ದೊರೆಯುವಷ್ಟು ಸುಲಭವಾಗಿ ದುರಸ್ತಿಗೆ ಎಲ್ಲಿಯೂ ದೊರೆಯುವುದಿಲ್ಲ.

ನಿಧಾನವೇ ಲಾಭ

ಸೈಕಲ್ ಸವಾರನಿಂದ ಹಳ್ಳಿಗೆ ಬರುವ ಆದಾಯವೇನು? ಕಾರಿನಲ್ಲಿ ಹೋಗುವವನು ಎರಡು ನಿಮಿಷದಲ್ಲಿ ಹಳ್ಳಿಯನ್ನು ದಾಟಿಬಿಡುತ್ತಾನೆ. ಬೆಟ್ಟದ ದಾರಿಯಲ್ಲಿ ಸವಾರನು ದಿನಕ್ಕೆ ಕ್ರಮಿಸುವುದು ಬಹುಮಟ್ಟಿಗೆ 40ರಿಂದ 70 ಕಿಲೋಮೀಟರ್. ಅವನು ಹೆಚ್ಚು ಹೊರೆಯನ್ನು ಹೊರಲಾರ. ಆದ್ದರಿಂದ ನೀರು, ಬ್ರೆಡ್ಡು, ಊಟ, ಹಾಸಿಗೆ ಎಲ್ಲವನ್ನೂ ದಾರಿಯಲ್ಲಿಯೇ ಕೊಳ್ಳಬೇಕು. ಅವನ ಖರ್ಚು ದೊಡ್ಡದಲ್ಲ, ಆದರೆ ಅದು ನೇರವಾಗಿ ಹಳ್ಳಿಯ ಗಲ್ಲಾಪೆಟ್ಟಿಗೆಗೆ ಸೇರುತ್ತದೆ.

‘ಬರಿದಾದ ಬೆಟ್ಟಗಳು’ ಎಂಬರ್ಥದ ‘ಮೊಂತಾನ್ಯಾಸ್ ವಸಿಯಾಸ್’ ಮಾರ್ಗವು ಈ ತತ್ತ್ವದ ಮೇಲೆಯೇ ನಿಂತಿದೆ. ತೆರುಎಲ್ ನಗರದಿಂದ ಹೊರಟು ಅಲ್ಲಿಗೇ ಮರಳುವ, ಸುಮಾರು 680 ಕಿಲೋಮೀಟರಿನ ಈ ಸುತ್ತುದಾರಿಯು ಯುರೋಪಿನಲ್ಲೇ ಅತ್ಯಂತ ವಿರಳ ಜನವಸತಿಯ ಪ್ರದೇಶಗಳಲ್ಲೊಂದನ್ನು ಹಾದುಹೋಗುತ್ತದೆ. ಇಲ್ಲಿ ಯಾವ ಊರಿನಲ್ಲಿ ಅಂಗಡಿಯಿದೆ, ಯಾವ ದಿನ ಅದಕ್ಕೆ ರಜೆ ಎಂಬ ಮಾಹಿತಿ ಸವಾರನಿಗೆ ಭೂಪಟದಷ್ಟೇ ಮುಖ್ಯ. ಮಧ್ಯಾಹ್ನ ಎರಡರಿಂದ ಐದರವರೆಗೆ ಬಾಗಿಲು ಹಾಕುವುದು, ರಾತ್ರಿಯ ಊಟವನ್ನು ಒಂಬತ್ತರ ನಂತರ ಬಡಿಸುವುದು ಸ್ಪೇನಿನ ವಾಡಿಕೆ. ದಿನವಿಡೀ ಪೆಡಲ್ ತುಳಿದು ಸಂಜೆ ಆರಕ್ಕೆ ಹಸಿದು ಬರುವವನಿಗೆ ಇದು ದೊಡ್ಡ ತೊಡಕು. ಈ ಗಿರಾಕಿಗಾಗಿ ಸಜ್ಜಾದ ವಸತಿಗೃಹಗಳು ಬೇಗನೆ ಊಟ, ಸೈಕಲ್ಲಿಗೆ ಬೀಗವಿರುವ ಕೋಣೆ, ತೊಳೆಯಲು ನೀರಿನ ಕೊಳವೆ ಮತ್ತು ಒಂದಿಷ್ಟು ರಿಪೇರಿ ಸಲಕರಣೆಗಳನ್ನು ಒದಗಿಸುತ್ತವೆ. ವಿದ್ಯುತ್ ಚಾಲಿತ ಸೈಕಲ್ಲುಗಳು ಬಂದ ಮೇಲೆ ಚಾರ್ಜಿಂಗ್ ಸೌಲಭ್ಯವೂ ಈ ಪಟ್ಟಿಗೆ ಸೇರಿದೆ. ಜೊತೆಗೆ ವಯಸ್ಸಾದವರೂ ಬೆಟ್ಟದ ದಾರಿಯ ಗಿರಾಕಿಗಳಾಗಿದ್ದಾರೆ.

ಕಾತಲೋನಿಯಾದಲ್ಲಿ ಈ ಸೇವೆಗಳನ್ನು 1990ರ ದಶಕದಿಂದಲೇ ಒಂದು ಶಿಸ್ತಿಗೆ ತರಲಾಗಿದೆ. ಅಲ್ಲಿನ ಬೆಟ್ಟದ ಸೈಕಲ್ ಕೇಂದ್ರಗಳಲ್ಲಿ ವಾಹನ ನಿಲುಗಡೆ, ಮಾಹಿತಿ, ಸೈಕಲ್ ತೊಳೆಯುವ ಮತ್ತು ರಿಪೇರಿ ಮಾಡುವ ವ್ಯವಸ್ಥೆಗಳಿವೆ. ಮಾರ್ಗಗಳ ಕಷ್ಟದ ಮಟ್ಟವನ್ನು ಹಸಿರು, ನೀಲಿ, ಕೆಂಪು, ಕಪ್ಪು ಬಣ್ಣಗಳಿಂದ ಸೂಚಿಸುತ್ತಾರೆ. ಹೊರಗಿನಿಂದ ಬಂದವನಿಗೆ ತನ್ನ ಶಕ್ತಿಗೆ ತಕ್ಕ ದಾರಿ ಯಾವುದೆಂಬ ಭರವಸೆ ದೊರೆತಾಗಲೇ ಅವನು ಕುಟುಂಬವನ್ನೂ ಕರೆತರುತ್ತಾನೆ.

ಮಿತಿಗಳು

ಇದನ್ನು ಸರ್ವರೋಗ ನಿವಾರಕವೆಂದು ಭಾವಿಸುವುದು ತಪ್ಪಾದೀತು. ಆಂಡಲೂಸಿಯಾದ ಬೇಸಿಗೆಯ ಬಿಸಿಲಿನಲ್ಲಿ ಸವಾರಿ ಅಪಾಯಕರ. ತೆರುಎಲ್‌ನ ಚಳಿಗಾಲ ಕಠಿಣ. ಹೀಗಾಗಿ ವಸಂತ ಮತ್ತು ಶರತ್ಕಾಲದ ಕೆಲವೇ ತಿಂಗಳುಗಳಲ್ಲಿ ಆದಾಯ ಒಟ್ಟಾಗಿ ಬರುತ್ತದೆ. ನಡಿಗೆದಾರರಿಗೂ ಸವಾರರಿಗೂ ಕಿರಿದಾದ ದಾರಿಯಲ್ಲಿ ಘರ್ಷಣೆಯಾಗುವುದುಂಟು. ಬೇಟೆಯ ಋತುವಿನಲ್ಲಿ ಕೆಲವು ದಾರಿಗಳನ್ನು ಬಿಟ್ಟುಕೊಡಬೇಕಾಗುತ್ತದೆ. ಶಾಲೆ, ಆಸ್ಪತ್ರೆ, ರೈಲು ಸಂಪರ್ಕಗಳು ಕ್ಷೀಣಿಸಿದ ಸೀಮೆಗೆ ಸೈಕಲ್ ಮಾರ್ಗವೊಂದೇ ಜನರನ್ನು ಮರಳಿ ತರಲಾರದು. ತೆರುಎಲ್‌ನ ಜನರು 1999ರಿಂದ ‘ತೆರುಎಲ್ ಇದೆ’ ಎಂಬ ಹೆಸರಿನಲ್ಲಿಯೇ ಚಳವಳಿ ಕಟ್ಟಿ, 2019ರ ನವೆಂಬರ್ ಚುನಾವಣೆಯಲ್ಲಿ ತಮ್ಮ ಪ್ರತಿನಿಧಿಯೊಬ್ಬರನ್ನು ಸಂಸತ್ತಿಗೆ ಕಳುಹಿಸಿದ್ದು ಈ ಮೂಲ ಸೌಕರ್ಯಗಳಿಗಾಗಿಯೇ.

ಆದರೂ ಒಂದು ಮಾತು ಸ್ಪಷ್ಟ. ಇಂತಹ ಹಳ್ಳಿಯ ಅಂಗಡಿಗೆ ವಾರಕ್ಕೆ ಹತ್ತಾರು ಹೊಸ ಗಿರಾಕಿಗಳು ಬಂದರೆ, ಅದು ಮುಚ್ಚುವುದಕ್ಕೂ ಉಳಿಯುವುದಕ್ಕೂ ನಡುವಣ ಅಂತರವಾಗಬಲ್ಲದು. ಅಂಗಡಿ ಉಳಿದರೆ ಅದರ ಬಾಗಿಲು ಸವಾರರಿಗಷ್ಟೇ ಅಲ್ಲ, ಊರಿನಲ್ಲಿ ಉಳಿದ ವೃದ್ಧರಿಗೂ ತೆರೆದಿರುತ್ತದೆ. ಅಂಗಡಿ ಮುಚ್ಚಿದರೆ ಊಟ, ನೀರು ದೊರೆಯದ ಆ ಹಂತದಲ್ಲಿ ಮಾರ್ಗವೇ ಕಡಿದುಹೋಗುತ್ತದೆ. ದಾರಿ ಮತ್ತು ಅಂಗಡಿ ಒಂದನ್ನೊಂದು ಆಧರಿಸಿ ಬದುಕುತ್ತವೆ. ಆದುದರಿಂದ ಪ್ರವಾಸಿ ಮಾರ್ಗವೊಂದನ್ನು ಯೋಜಿಸುವವರು ಕಿಲೋಮೀಟರುಗಳ ಲೆಕ್ಕದೊಡನೆ, ಆ ದಾರಿಯುದ್ದಕ್ಕೂ ತೆರೆದಿರುವ ಬಾಗಿಲುಗಳ ಲೆಕ್ಕವನ್ನೂ ಇಡುವುದು ವಿವೇಕ.